ಪಂಪಿಗೆ ಪ್ರದಕ್ಷಿಣೆ

ತಿರುಪಿನ ವಿಷಯದಲ್ಲಿ ನಾನು ಪಂಡಿತ. ಬಲಕ್ಕೆ ತಿರುವಿದರೆ ಬಿಗಿ, ಎಡಕ್ಕೆ ತಿರುವಿದರೆ ಸಡಿಲ ಎಂದು ಹಂಸಭಾವಿಯ ಶಾಲೆಯಲ್ಲಿ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವನು. ಸೀಸೆಯ ಮುಚ್ಚಳ ತೆಗೆಯಲು ಮನೆಯಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಎಂಬುದು ಬೇರೆ ಮಾತು.

ನಮ್ಮ ಹಿತ್ತಲಲ್ಲಿ ಒಂದು ಕೈಪಂಪು ಇತ್ತು. ಓಣಿಯ ಹುಡುಗರೆಲ್ಲ ಅದರ ಹಿಡಿಕೆಗೆ ಜೋತುಬಿದ್ದು ಜೋಕಾಲಿ ಆಡುತ್ತಿದ್ದರು. ಬೈದು ಸಾಕಾಗಿ, ಒಂದು ದಿನ ಪಂಪಿಗೆ ಅರಿಷಿಣ ಕುಂಕುಮ ಹಚ್ಚಿ, "ಇದು ಗಂಗವ್ವ, ಮುಟ್ಟಿದರೆ ಕಣ್ಣು ಹೋಗುತ್ತವೆ" ಎಂದು ಸಾರಿಬಿಟ್ಟೆ. ಹುಡುಗರು ದೂರ ಸರಿದರು, ಅವರ ತಾಯಂದಿರು ಕಾಯಿ ಹಿಡಿದುಕೊಂಡು ಬಂದರು. ಆ ಕಾಯಿಯ ಚಟ್ನಿಯನ್ನು ನಾನು ನಾಚಿಕೆಯಿಲ್ಲದೆ ತಿಂದೆ.

ಮಗಳು ಹೆರಿಗೆಗೆಂದು ಬಂದು ದಿನ ತುಂಬಿದಾಗಲೇ ಪಂಪಿನ ಒಳಗಿನ ತೊಗಲು ಸವೆದು ನೀರು ನಿಂತಿತು. ಯುದ್ಧದ ಕಾಲ, ಹೊಸ ಪಂಪು ಸಿಗುವ ಮಾತೇ ಇಲ್ಲ. ಹೆಂಡತಿ ಊರಾಚೆಯ ಬಾವಿಯಿಂದ ಕೊಡ ಹೊತ್ತು ಹೊತ್ತು ಸೊಂಟ ಹಿಡಿದುಕೊಳ್ಳುತ್ತಿದ್ದಳು. ಬಾಣಂತಿಗೆ ನೀರೆಲ್ಲಿಂದ ತರುವುದೆಂದು ನನಗೆ ಹೆದರಿಕೆಯಾಯಿತು.

ಕಮ್ಮಾರ ಈರಪ್ಪನನ್ನು ಕರೆಸಿದೆ. ತೊಗಲು ಬದಲಿಸಲು ತಲೆ ಬಿಚ್ಚಬೇಕು; ತುಕ್ಕು ಹಿಡಿದ ಆ ತಲೆಗೆ ಪಟ್ಟಿ ಬಿಗಿದು, ಉದ್ದನೆಯ ಸರಳು ತೂರಿಸಿ, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ಸುತ್ತಬೇಕು. ಈರಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು, ಪಂಪನ್ನು ಬಲಕ್ಕೆ ಇಟ್ಟುಕೊಂಡು ನಡೆದ. ನಾನೂ ನಡೆದೆ. ಅರ್ಧ ಸುತ್ತಿನಲ್ಲೇ ಪಂಪು ಇನ್ನಷ್ಟು ಬಿಗಿಯಾಯಿತು.

"ಈರಪ್ಪಾ, ಬಿಗಿ ಆಗಾಕತ್ತೈತಲ್ಲೋ!"

"ಗೊತ್ತೈತ್ರಿ ಮಾಸ್ತರ. ಎಡಕ್ಕ ತಿರುವಿದ್ರ ಸಡ್ಲ ಅಕ್ಕೈತಿ. ಆದ್ರ ಗಂಗವ್ವಗ ಅಪ್ರದಕ್ಷಿಣಿ ಹಾಕೂದು ನನ್ನ ಕೈಲೆ ಆಗೂದಿಲ್ರಿ. ನೀವ ಹಾಕ್ರಿ, ದೇವರು ನಿಮ್ಮದು."

ನಿಜ, ದೇವರು ನನ್ನದೇ. ಸರಳು ಹಿಡಿದು ಎಡಕ್ಕೆ ತಿರುಗಿ ನಿಂತೆ. ಒಳಗೆ ಮಗಳು "ಅವ್ವಾ" ಎಂದು ನರಳಿದಳು. ನನ್ನ ಕಾಲು ಮೇಲೇಳಲಿಲ್ಲ. ಬಾಯಿಪಾಠವೆಲ್ಲ ಮರೆತುಹೋಗಿ, "ಅಮಾವಾಸಿ ಕಳೀಲಿ ತಡಿ" ಎಂದುಬಿಟ್ಟೆ.

ಹೆಂಡತಿ ಕೊಡ ಇಳಿಸಿದಳು. "ಅಮಾವಾಸಿ ತನಕ ಕೂಸು ಕಾಯ್ತೈತೇನ್ರಿ? ರಟ್ಟೀಹಳ್ಳಿ ಗುಡಿಯಾಗ ದೇವರಿಗೆ ಬೆನ್ನು ತೋರಸಬಾರದಂತ ಹಿಂದಹಿಂದಕ್ಕ ಬರ್ತೀರಲ್ಲ, ಹಂಗ ನಡೀರಿ. ಗಂಗವ್ವ ಬಲಕ್ಕ ಇರ್ತಾಳ, ಪಂಪೂ ಬಿಚ್ಚತೈತಿ."

ಈರಪ್ಪನೂ ನಾನೂ ಸರಳು ಜಗ್ಗುತ್ತ ಹಿಂದಹಿಂದಕ್ಕೆ ನಡೆದೆವು. ಒಮ್ಮೆ ನಾನು ಬಟ್ಟೆ ಒಗೆಯುವ ಕಲ್ಲಿಗೆ ಎಡವಿ ಕುಂಡಿಯ ಮೇಲೆ ಕುಳಿತೆ. ಆದರೆ ಪಂಪು ಕಿರ್ರೆಂದು ಸಡಿಲಾಯಿತು, ಈರಪ್ಪ ಹೊಸ ತೊಗಲು ಹಾಕಿದ. ಆ ಸಂಜೆ ಹುಟ್ಟಿದ ಮೊಮ್ಮಗಳಿಗೆ ಅದೇ ಪಂಪಿನ ನೀರು ಎರೆದರು. ನಾನು ಗಂಡಸೆಂಬುದನ್ನೂ ಮರೆತು ಅತ್ತೆ.

"ನೀವ ಮಾಡಿದ ದೇವರಿಗೆ ನೀವ ಅಂಜತೀರಲ್ರಿ" ಎಂದು ಹೆಂಡತಿ ಇಂದಿಗೂ ನಗುತ್ತಾಳೆ. ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ದಿನಾ ಆ ಹಿಡಿಕೆಗೆ ಜೋತುಬಿದ್ದು ಜೋಕಾಲಿ ಆಡುತ್ತಾಳೆ. ಅದು ಗಂಗವ್ವ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ, ಅವಳು ನಂಬದಿದ್ದರೂ ನಾನು ನಂಬಿಬಿಡುತ್ತೇನೆ.