ಮಾಸ್ಕಿಗೆ ಗಾಳಿ ಎಷ್ಟು ಮಾರಾಯ್ರೆ?

ಇಪ್ಪತ್ತೆರಡು ವರ್ಷದಿಂದ ಬೆಳ್ಳಾರೆ–ಪುತ್ತೂರು ಬಸ್ಸು ಓಡಿಸುವವನು ನಾನು. ಈ ಸೀಟಿನಲ್ಲಿ ಕೂತವನಿಗೆ ನಗೆಪಾಟಲಿನ ಬರ ಬರುವುದಿಲ್ಲ. ಎಚ್ಚರ ಇದ್ದಾಗ ಆದದ್ದು ಸಾಲದು ಅಂತ ನನಗೆ ನಿದ್ದೆಯಲ್ಲೂ ಆಗಿದೆ.

೧. ಕುಂಬ್ರದಲ್ಲಿ ರೈಟ್ ಪೋಯಿ

ನನ್ನ ಹಿಂದಿನ ಸೀಟಿನಲ್ಲಿ ದಿನಾ ಹೂ ಮಾರುವ ಅಜ್ಜಿಯೊಬ್ಬರು ಕೂರುವುದು. ಕನ್ನಡಿಯಲ್ಲಿ ನನ್ನ ಆಕಳಿಕೆ ಕಂಡು ಹೆದರಿ, ನಾನು ನಿದ್ದೆ ಹೋಗದ ಹಾಗೆ ದಾರಿಯುದ್ದ ಮಾತಾಡುವವರು. ಒಂದು ದಿನ ಅವರ ಮಾತೂ ಸಾಲಲಿಲ್ಲ. ಕುಂಬ್ರದಲ್ಲಿ ಬಸ್ಸು ನಿಂತಿತು, ಜನ ಹತ್ತಿದರು, ಕಂಡಕ್ಟರು ಹೊರಡಲಿಕ್ಕೆ "ರೈಟ್ ಪೋಯಿ" ಅಂದ. ಬಸ್ಸು ಹೊರಡಲಿಲ್ಲ. ಮತ್ತೊಮ್ಮೆ ಅಂದ. ಸೀಟಿ ಊದಿದ. ಉತ್ತರವಾಗಿ ನನ್ನ ಗೊರಕೆ ಕೇಳಿತಂತೆ. ಅಜ್ಜಿ ಕೊಡೆಯ ತುದಿಯಿಂದ ಬೆನ್ನಿಗೆ ತಿವಿದರು. ನಾನು ಬೆಚ್ಚಿಬಿದ್ದು, "ಬಂತಾ ಪುತ್ತೂರು?" ಅಂದೆ.

ಬಸ್ಸಿಡೀ ನಕ್ಕಿತು. ಸುದ್ದಿ ಕೇಳಿದ ಬಸ್ಸಿನ ಧಣಿ ನಗಲಿಲ್ಲ. "ಇವತ್ತು ನಿಂತಲ್ಲಿ ಆಯ್ತು. ನಾಳೆ ಓಡುವಾಗ ಆದ್ರೆ? ಗುಣ ಆಗಿದೆ ಅಂತ ಡಾಕ್ಟ್ರ ಕಾಗದ ತನ್ನಿ, ಕೀ ತಕ್ಕೊಂಡು ಹೋಗಿ" ಅಂದರು. ಅವರದ್ದು ನ್ಯಾಯವೇ. ಆದರೆ ಅದೇ ಬಸ್ಸಿನಲ್ಲಿ ಪ್ಯಾಸೆಂಜರಾಗಿ ಮನೆಗೆ ಹೋಗುವಾಗ ನನಗೆ ಅಳುವೇ ಬಂತು. ಕಂಡಕ್ಟರು ಬೇರೆ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ನನ್ನನ್ನೇ ದೂಡಿದ!

೨. ಬಾಯಿ ಮುಚ್ಚಿ

ಪುತ್ತೂರಿನ ಡಾಕ್ಟ್ರು ಒಂದು ರಾತ್ರಿ ಪರೀಕ್ಷೆ ಮಾಡಿಸಿ, "ನಿದ್ದೆಯಲ್ಲಿ ನಿಮ್ಮ ಉಸಿರು ಆಗಾಗ ನಿಲ್ತದೆ, ಅದಕ್ಕೇ ಹಗಲು ತೂಕಡಿಕೆ" ಅಂದರು. ಗಾಳಿ ಒತ್ತಿ ಕೊಡುವ ಒಂದು ಸಣ್ಣ ಯಂತ್ರ, ಮೂಗಿಗೆ ಮಾತ್ರ ಕೂರುವ ಮಾಸ್ಕು, ಪ್ರೆಶರ್ ಒಂಬತ್ತು. ಆದರೆ ನಿದ್ದೆ ಹತ್ತಿದ ಕೂಡಲೇ ನನ್ನ ಬಾಯಿ ತೆರೆಯುತ್ತದೆ. ಮೂಗಿನಿಂದ ಹೋದ ಗಾಳಿಯೆಲ್ಲ ಬಾಯಿಂದ ಹೊರಗೆ.

"ಬಾಯಿ ಮುಚ್ಚಿ ಮಲಗ್ಲಿಕ್ಕೆ ಆಗುದಿಲ್ವಾ?" ಅಂತ ಡಾಕ್ಟ್ರು ಕೇಳಿದರು.

ಪಕ್ಕದಲ್ಲಿದ್ದ ನನ್ನ ಹೆಂಡತಿ, "ಎಚ್ಚರ ಇರುವಾಗಲೇ ಆಗುದಿಲ್ಲ ಡಾಕ್ಟ್ರೇ" ಅಂದಳು.

೩. ಟಯರಿನ ಲೆಕ್ಕ

ಸರಿ, ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು ಬರೆದುಕೊಟ್ಟರು. "ಮಾಸ್ಕು ಬದಲಾದ್ರೆ ಪ್ರೆಶರ್ ಮತ್ತೆ ನೋಡ್ಬೇಕು. ಯಂತ್ರ ಹಿಡ್ಕೊಂಡು ಬನ್ನಿ" ಅಂದರು. ನನಗೆಲ್ಲಿ ಅಷ್ಟು ತಾಳ್ಮೆ? ಕೀ ಧಣಿಯ ಕಿಸೆಯಲ್ಲಿ ಉಂಟಲ್ಲ! ಕಾರಿನ ಟಯರಿಗಿಂತ ಬಸ್ಸಿನ ಟಯರಿಗೆ ಗಾಳಿ ಹೆಚ್ಚು ಬೇಕು, ಇದನ್ನು ಹೇಳ್ಲಿಕ್ಕೆ ಡಾಕ್ಟ್ರು ಎಂತಕ್ಕೆ? ಮೊಬೈಲಿನಲ್ಲಿ ವಿಡಿಯೋ ನೋಡಿ, ಯಂತ್ರದ ಗುಂಡಿ ಒತ್ತಿ ಹಿಡಿದು, ಒಂಬತ್ತನ್ನು ಹದಿನೈದು ಮಾಡಿ, ಮಧ್ಯಾಹ್ನ ಊಟ ಆದ ಕೂಡಲೇ ಮಲಗಿದೆ.

ಅಯ್ಯೋ ದೇವರೇ! ಮಾಸ್ಕಿನ ಅಂಚು ಎದ್ದು ಪುರ್ರ್ ಪುರ್ರ್ ಅನ್ನಲು ಶುರು. ಬೆಲ್ಟು ಬಿಗಿದರೆ ಗಾಳಿ ಹೊಟ್ಟೆಗೆ ಇಳಿಯಿತು. ಎದ್ದ ಮೇಲೆ ತೇಗಿದ್ದೇ ತೇಗಿದ್ದು. ಚಾಕ್ಕೆ ಬಂದ ನನ್ನ ಭಾವ ತೇಗಿನ ಲೆಕ್ಕ ಹಾಕಿ, "ಹೋಳಿಗೆ ಊಟ ಇದ್ರೆ ಒಂದು ಫೋನಾದ್ರೂ ಮಾಡ್ಬಾರ್ದಾ ಭಾವ?" ಅಂತ ಮುಖ ಊದಿಸಿಕೊಂಡು ಹೋದ.

೪. ನಮ್ಮ ಬೆಕ್ಕು

ಮರುದಿನ ಡಾಕ್ಟ್ರು ಯಂತ್ರದ ಕಾರ್ಡು ಕಂಪ್ಯೂಟರಿಗೆ ಹಾಕಿ, "ಪ್ರೆಶರ್ ಮುಟ್ಟಿದ್ದು ಯಾರು?" ಅಂದರು.

"ಮನೆಯಲ್ಲಿ ಬೆಕ್ಕೊಂದು ಉಂಟು ಡಾಕ್ಟ್ರೇ..." ಅಂದೆ.

ಆ ಯಂತ್ರ ನಮ್ಮ ಟ್ರಿಪ್ ಶೀಟಿನ ಹಾಗೆ ಎಲ್ಲವನ್ನೂ ಬರೆದಿಡುತ್ತದೆ ಅಂತ ನನಗೇನು ಗೊತ್ತು? ಡಾಕ್ಟ್ರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಒಳ್ಳೆ ಬೆಕ್ಕು ಮಾರಾಯ್ರೆ. ಒಂದೂವರೆ ಗಂಟೆಗೆ ಒಂಬತ್ತರಿಂದ ಹದಿನೈದಕ್ಕೆ ಏರಿಸಿ, ಮಾಸ್ಕು ಹಾಕ್ಕೊಂಡು ಮಲಗಿದೆ!"

ಬೈದರು, ಬೈಯಬೇಕಾದದ್ದೇ. ಆಮೇಲೆ ಯಂತ್ರಕ್ಕೆ ಹೊಸ ಮಾಸ್ಕಿನ ಗುರುತು ಕೊಟ್ಟು, ಕೆಲವು ರಾತ್ರಿಯ ರಿಪೋರ್ಟು ನೋಡಿ, ಪ್ರೆಶರನ್ನು ಹನ್ನೊಂದಕ್ಕೆ ನಿಲ್ಲಿಸಿದರು. "ಹೆಚ್ಚು ಬೇಕು ಅಂತ ನಾನು ಹೇಳಿದ್ದು ಸರಿಯಾಯ್ತಲ್ಲ!" ಅಂತ ಮನೆಯಲ್ಲಿ ಎದೆಯುಬ್ಬಿಸಿದೆ. "ಅರ್ಧ ಸರಿ. ಧಣಿ ಅರ್ಧ ಬಸ್ಸು ಕೊಡ್ತಾರಾ ಕೇಳಿ" ಅಂದಳು ಹೆಂಡತಿ.

೫. ಮತ್ತೆ ಕುಂಬ್ರ

ಇಡೀ ಬಸ್ಸೇ ಕೊಟ್ಟರು! ಡಾಕ್ಟ್ರ ಕಾಗದವನ್ನು ಧಣಿ ಎರಡೆರಡು ಸಲ ಓದಿ ಕೀ ಕೈಗಿಟ್ಟರು. ಇಸ್ತ್ರಿ ಹಾಕಿದ ಖಾಕಿ ತೊಟ್ಟು ಸ್ಟೇರಿಂಗ್ ಹಿಡಿದಾಗ ನನ್ನ ಖುಷಿ ಕೇಳಬೇಡಿ. ಒಂದು ಆಕಳಿಕೆ ಇಲ್ಲ, ಕಣ್ಣು ಫಳಫಳ. ಬೆಳ್ಳಾರೆ ದಾಟುವವರೆಗೆ ಬಸ್ಸಿನವರೆಲ್ಲ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. "ಮಾತಾಡಿ ಅಜ್ಜೀ" ಅಂದೆ. "ಇನ್ನೆಂತಕ್ಕೆ ಮಗಾ? ನೀನು ಎಚ್ಚರ ಉಂಟಲ್ಲ" ಅಂದರು.

ಕುಂಬ್ರದಲ್ಲಿ ನಿಲ್ಲಿಸಿದೆ. ಯಾರೂ ಇಳಿಯಲಿಲ್ಲ. "ರೈಟ್ ಪೋಯಿ" ಕೂಡ ಬರಲಿಲ್ಲ. ಹಾರ್ನ್ ಹಾಕಿದೆ, ಊಹೂಂ. ತಿರುಗಿ ನೋಡಿದರೆ ಇಡೀ ಬಸ್ಸು ನಿದ್ದೆ! ಇಷ್ಟು ವರ್ಷ ನನ್ನ ಹೆದರಿಕೆಯಲ್ಲಿ ಕಣ್ಣು ಬಿಟ್ಟುಕೊಂಡು ಬಂದವರೆಲ್ಲ ಬಾಕಿ ನಿದ್ದೆ ತೀರಿಸುತ್ತಿದ್ದರು. ಅಜ್ಜಿ ಹೂವಿನ ಬುಟ್ಟಿಗೆ ಒರಗಿದ್ದರು. ಕೊನೆಯ ಸೀಟಿನಲ್ಲಿ ಕಂಡಕ್ಟರು, ಬಾಯಿ ಪೂರ್ತಿ ತೆರೆದು, ಗೊರಕೆ. ಇವನಿಗೆ ದೊಡ್ಡ ಮಾಸ್ಕೇ ಬೇಕಾದೀತು, ಗಾಳಿ ಎಷ್ಟು ಅಂತ ಮಾತ್ರ ಡಾಕ್ಟ್ರೇ ಹೇಳಲಿ ಅಂದುಕೊಂಡೆ.

ಅಜ್ಜಿಯ ಕೊಡೆ ತಕ್ಕೊಂಡು ಹೋಗಿ ಅವನಿಗೊಂದು ತಿವಿದೆ. ಬೆಚ್ಚಿಬಿದ್ದು ಎದ್ದವನು ಕೇಳಿದ:

"ಬಂತಾ ಪುತ್ತೂರು?"