ಏಳನೇ ಬಾಗಿಲಿಗೆ ಸಂಬಂಧಿಸಿದ ನಿಯಮಗಳು

ಪಾಳುಬಿದ್ದ ಅಂತರಿಕ್ಷ ನೌಕೆಯ ಏಳನೇ ಬಾಗಿಲಿನ ಹಿಂದೆ ಏನಿದೆಯೆಂಬುದು ಟೀವಿ ಧಾರಾವಾಹಿಯ ಕಚೇರಿಯವರಿಗೆ ಗೊತ್ತಿದೆ ಎಂದು ಆಗ ಎಲ್ಲರೂ ನಂಬಿದ್ದರು. ಧಾರಾವಾಹಿ ಶುರುವಾಗಿ ಒಂಬತ್ತು ವರ್ಷವಾಗಿತ್ತು. ನೌಕೆಯ ಆರು ಬಾಗಿಲು ತೆರೆದಿದ್ದವು. ಏಳನೆಯದರ ಮುಂದೆ ನಾಯಕ ಪ್ರತಿ ವಾರ ಉಸಿರು ಬಿಗಿಹಿಡಿದು ನಿಂತು, ವಾಪಸು ಹೋಗುತ್ತಿದ್ದ.

ಧಾರಾವಾಹಿಯನ್ನು ಕಾದಂಬರಿ ಮಾಡಿಕೊಡುವ ಕೆಲಸ ಒಬ್ಬ ಲೇಖಕನಿಗೆ ಸಿಕ್ಕಿತು. ಅವನು ಒಪ್ಪಿದ್ದು ತಾಯಿಗಾಗಿ. ಒಂದು ಕಂತನ್ನೂ ಬಿಡದೆ ನೋಡಿದ್ದ ಅವರಿಗೆ ಎಪ್ಪತ್ತೊಂಬತ್ತು.

“ಆ ಬಾಗಿಲ ಹಿಂದೆ ಏನಿದೆ ಅಂತ ಕೇಳ್ಕೊಂಡು ಬಾರೋ,” ಎಂದರು. “ಇನ್ನೊಂಬತ್ತು ವರ್ಷ ಕಾಯೋಕೆ ನನ್ನ ಕೈಲಾಗಲ್ಲ.”

ಮೊದಲ ಕರಡಿನ ನಲವತ್ತನೇ ಪುಟದಲ್ಲಿ ಅವನು ಬಾಗಿಲು ತೆರೆಸಿದ. ಕರಡು ಕಚೇರಿಯ ಅನುಮತಿ ವಿಭಾಗದ ಪತ್ರದೊಂದಿಗೆ ವಾಪಸು ಬಂತು: “ಪಾತ್ರಗಳು ಸದರಿ ಬಾಗಿಲನ್ನು ಸಮೀಪಿಸಬಹುದು. ಹಿಡಿಕೆಯತ್ತ ಕೈ ಚಾಚಬಹುದು. ಮುಟ್ಟತಕ್ಕದ್ದಲ್ಲ. ಶವ ಸಿಗಬಹುದು, ಗುರುತು ಸಿಗಕೂಡದು.”

ನೌಕೆ ಯಾಕೆ ಖಾಲಿಯಾಯಿತೆಂದಾದರೂ ಬರೆಯಬಹುದೇ ಎಂದು ಅವನು ಅನುಮತಿ ಅಧಿಕಾರಿಣಿಯನ್ನು ಕೇಳಿದ.

“ಖಾಲಿ ಅಂತ ಬರೀಬೇಡಿ ಸಾರ್. ಸದ್ಯಕ್ಕೆ ಯಾರೂ ಕಾಣಿಸ್ತಿಲ್ಲ ಅನ್ನಿ.”

ಹೀಗೆ ಮುನ್ನೂರ ಹನ್ನೆರಡು ಪುಟ ತುಂಬಿತು. ನಾಯಕನ ತಂಡದ ಅನ್ವೇಷಕರು ಒಂದೇ ಕಾರಿಡಾರಿನಲ್ಲಿ ಹದಿನಾಲ್ಕು ಸಲ ನಡೆದರು, ಎರಡು ಸಲ ಅದರ ಉದ್ದ ಅಳೆದರು. ಲೇಖಕನ ಅಜಾಗರೂಕತೆಯಿಂದ ಅಳತೆಗಳು ಬೇರೆ ಬೇರೆ ಬಂದದ್ದನ್ನು ಬೆನ್ನುಡಿ ರಹಸ್ಯವೆಂದು ಕರೆಯಿತು. ವಿಮರ್ಶಕರು ಸಂಯಮವನ್ನು ಮೆಚ್ಚಿದರು. ತಾಯಿ ಕನ್ನಡಕ ಒರೆಸಿಕೊಂಡು ಕೊನೆಯ ಪುಟವನ್ನು ಮತ್ತೊಮ್ಮೆ ಓದಿ, “ಇಷ್ಟೇನಾ?” ಎಂದರು.

ಅವನು ಮತ್ತೆ ಕಚೇರಿಗೆ ಹೋಗಿ, ಕಾದಂಬರಿಗೆ ಬೇಡ, ಅಮ್ಮನಿಗಾಗಿಯಾದರೂ ಹೇಳಿ ಎಂದು ಬೇಡಿಕೊಂಡ. ಅಧಿಕಾರಿಣಿ ಕೆಟ್ಟವಳಲ್ಲ. ಮೂರು ಪ್ರತಿಗಳಲ್ಲಿ ಒಂದು ಫಾರಂ ಕೊಟ್ಟಳು: ಕಂಡದ್ದನ್ನು ಬಾಯಿಂದಾಗಲಿ, ಬರಹದಿಂದಾಗಲಿ, ಮುಖಭಾವದಿಂದಾಗಲಿ ಯಾರಿಗೂ ತಿಳಿಸತಕ್ಕದ್ದಲ್ಲ. ಅವನು ಸಹಿ ಹಾಕಿದ. ಆಕೆ ಅವನನ್ನು ಸ್ಟುಡಿಯೋದೊಳಗೆ ಕರೆದೊಯ್ದು ದೀಪ ಹಾಕಿದಳು.

ಹತ್ತಿರ ಹೋಗಿ ನೋಡಿದ ಮೇಲೆ ಅವನು ಕೇಳಿದ, “ಇದು ಯಾರಿಗೆಲ್ಲ ಗೊತ್ತು?”

“ಈಗ ನಿಮಗೂ ಗೊತ್ತು ಸಾರ್.”

ಮನೆಯಲ್ಲಿ ತಾಯಿ ಟೀವಿ ಆರಿಸಿ ಕಾಯುತ್ತಿದ್ದರು.

“ಗೊತ್ತಾಯ್ತೇನೋ?”

“ಗೊತ್ತಾಯ್ತಮ್ಮ. ಹೇಳೋ ಹಾಗಿಲ್ಲ. ಸಹಿ ಹಾಕಿದ್ದೀನಿ.”

ಅವರು ಮಗನ ಮುಖವನ್ನೇ ನೋಡಿದರು. ಅದು ನಿಯಮಾನುಸಾರ ಇತ್ತು. ಮರುದಿನ ಪಕ್ಕದ ಮನೆಯಾಕೆಯ ಮುಂದೆ ಅವರ ದನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು: “ಎಷ್ಟು ದೊಡ್ಡ ವಿಷಯ ಇರಬೇಕು ಕಣೇ, ಹೆತ್ತ ತಾಯಿಗೂ ಹೇಳೋ ಹಾಗಿಲ್ವಂತೆ.”

ಸ್ಟುಡಿಯೋದಲ್ಲಿ ಏಳನೇ ಬಾಗಿಲನ್ನು, ಹಿಡಿಕೆಯ ಸಮೇತ, ಗೋಡೆಯ ಮೇಲೆ ಬಣ್ಣದಲ್ಲಿ ಬಿಡಿಸಿದ್ದರು.