ಉಳಿದ ಹೊತ್ತು ಎತ್ತು ಎಲ್ಲಿರುತ್ತದೆ?

ಚೆನ್ನಾಗಿ ನಡೆಯುತ್ತಿರುವುದನ್ನು ಅದರ ಪಾಡಿಗೆ ಬಿಡುವುದು ಮನುಷ್ಯರಿಗೆ ಯಾಕೆ ಅಷ್ಟೊಂದು ಕಷ್ಟವೋ ನನಗೆ ಈವರೆಗೂ ತಿಳಿದಿಲ್ಲ. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವಳು. ಹಾಜರಾತಿ ಹಾಕುವ ತಂತ್ರಾಂಶ ನಮ್ಮಲ್ಲಿ ಆಗಾಗ ‘ಸುಧಾರಿಸುತ್ತದೆ’. ಸುಧಾರಿಸಿದ ಮರುದಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ದಸರಾ ಗುಂಪಿನಲ್ಲಿ ಮಗು ಕಳೆದುಕೊಂಡವರ ಹಾಗೆ ‘ಸೇವ್’ ಬಟನ್ ಹುಡುಕುತ್ತಾ ಕೂತಿರುತ್ತೇವೆ. ಫೋನಂತೂ ಮಲಗುವಾಗ ಒಂದು, ಏಳುವಾಗ ಇನ್ನೊಂದು. ಇದೆಲ್ಲ ಕರೆಂಟಿನಿಂದ ನಡೆಯುವ ವಸ್ತುಗಳ ಚಾಳಿ ಎಂದು ಸಹಿಸಿಕೊಂಡಿದ್ದೆ. ಅಚ್ಚಾದ ಪುಸ್ತಕಕ್ಕೂ, ಊಟದ ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಆಟಕ್ಕೂ ಇದೇ ರೋಗ ತಗಲುತ್ತದೆಂದು ಕಲಿಸಿಕೊಟ್ಟವರು ನನ್ನ ಯಜಮಾನರು.

ಯಜಮಾನರು ಎಂದರೆ ರಘು. ದಂತವೈದ್ಯರು. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡೆಯುತ್ತಿದ್ದ ಆಟ ಸರಳವಾದದ್ದೇ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ‘ನದಿ ಬಂತು, ಏನು ಮಾಡುತ್ತೀರಿ?’ ಎಂದು ಕಥೆಗಾರರು ಕೇಳಿದರೆ, ನೀವು ‘ಈಜುತ್ತೇನೆ’ ಎನ್ನಬೇಕು. ಈಜಿ ದಡ ಸೇರಿದಿರೋ ಮುಳುಗಿದಿರೋ ಎಂಬುದನ್ನು ದಾಳ ಹೇಳುತ್ತದೆ. ದಾಳ ಹೇಳಿದ್ದಕ್ಕೆ ಅರ್ಥವೇನು ಎಂಬುದನ್ನು ಒಂದು ದಪ್ಪ ನಿಯಮಪುಸ್ತಕ ಹೇಳುತ್ತದೆ. ರಘು ಕಥೆಗಾರರು. ನಾನು ಕಳ್ಳಿ. ವಾರವಿಡೀ ಆಡಿಟಿಂಗ್ ಪಾಠ ಮಾಡುವವಳಿಗೆ ಅದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಇಮ್ತಿಯಾಜ್ ಮಾಂತ್ರಿಕ. ಇಲವಾಲದ ಪುಟ್ಟಸ್ವಾಮಿ, ರಘುವಿನ ಹಾಸ್ಟೆಲ್ ಕಾಲದ ಗೆಳೆಯರು, ಈಗ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಅವರು ವೀರ. ಎಲ್ಲ ವೀರರಿಗೂ ಕುದುರೆ ಇದ್ದರೆ ಪುಟ್ಟಸ್ವಾಮಿಯ ವೀರನಿಗೆ ಒಂದು ಎತ್ತು. ಹೆಸರು ಗುಂಡ. ನಮ್ಮ ಕಥೆಯಲ್ಲಿ ನಾವು ಮೂವರೂ ಸೋತು ಕೂತ ಎಷ್ಟೋ ಕಡೆ ಗುಂಡ ಬಾಗಿಲು ಮುರಿದಿದೆ, ಕಣಿವೆ ದಾಟಿಸಿದೆ, ಒಮ್ಮೆ ಶತ್ರುರಾಜನ ಸಂಧಿಪತ್ರವನ್ನೇ ತಿಂದುಬಿಟ್ಟಿದೆ.

ಹೀಗಿರುವಾಗ ಆಟದ ಎರಡನೇ ಆವೃತ್ತಿ ಬಂತು. ರಘು ತರಿಸಿಕೊಂಡರು. ಅದರಲ್ಲಿ ನನ್ನ ಕಳ್ಳಿ ಗೋಡೆ ಹತ್ತುವ ಮೊದಲು ‘ಹತ್ತುವ ಅರ್ಹತೆ’ ಸಂಪಾದಿಸಬೇಕಾಗಿತ್ತು. ಇಷ್ಟು ವರ್ಷ ಯಾವ ಅರ್ಹತೆಯೂ ಇಲ್ಲದೆ ಎಷ್ಟೋ ಗೋಡೆ ಹತ್ತಿದ್ದೆನಲ್ಲ ಎಂದರೆ, “ಅದು ಹಳೇದರಲ್ಲಿದ್ದ ದೋಷ ಕಣೇ, ಸರಿಪಡಿಸಿದ್ದಾರೆ,” ಎಂದರು. ಮೂರನೆಯದರಲ್ಲಿ ಇಮ್ತಿಯಾಜರ ಮಂತ್ರಗಳಿಗೆಲ್ಲ ಹೊಸ ಹೆಸರು. ಬೆಂಕಿ ಹಚ್ಚಲು ಹೋಗಿ ಅವರು ತಮ್ಮನ್ನೇ ಮಾಯ ಮಾಡಿಕೊಂಡರು. ಆದರೂ ಅವರಿಗೆ ಬೇಜಾರಿಲ್ಲ. “ಪವರ್ ಬದಲಾಗದೇ ಇದ್ರೂ ಫ್ರೇಮ್ ಬದಲಾಯಿಸಿ ಅಂತ ನಾನೂ ಗಿರಾಕಿಗಳಿಗೆ ಹೇಳ್ತೀನಲ್ಲ ಭಾಭಿ. ಈ ಕಂಪನಿಯೋರು ನಮ್ ಕಸುಬಿನೋರೇ,” ಎಂದು ನಕ್ಕರು. ಒಂದು ಆವೃತ್ತಿಗೂ ಇನ್ನೊಂದಕ್ಕೂ ನಡುವೆ ತಿದ್ದುಪಡಿಗಳು ಬರುತ್ತಿದ್ದವು. ರಘು ಅವನ್ನು ಪ್ರಿಂಟ್ ಹಾಕಿಸಿ ಪುಸ್ತಕದೊಳಗೆ ಅಂಟಿಸುತ್ತಿದ್ದರು. ಪುಸ್ತಕ ತುಂಬು ಬಸುರಿಯ ಹಾಗೆ ಊದಿಕೊಂಡಿತ್ತು. ಕೊನೆಗೊಂದು ದಿನ ಮುಖ ಸಣ್ಣಗೆ ಮಾಡಿಕೊಂಡು, “ಹಳೇ ಎಡಿಷನ್‌ಗೆ ಸಪೋರ್ಟ್ ನಿಲ್ಲಿಸಿಬಿಟ್ರಂತೆ ಕಣೇ,” ಎಂದರು.

“ಪುಸ್ತಕಕ್ಕೆ ಇನ್ನೇನ್ರೀ ಸಪೋರ್ಟು? ಕಪಾಟು ಗಟ್ಟಿಯಾಗೇ ಇದೆಯಲ್ಲ!” ಎಂದೆ. ಅವರು ನಗಲಿಲ್ಲ.

ನಾಲ್ಕನೇ ಆವೃತ್ತಿ ಪುಸ್ತಕದ ಜೊತೆಗೆ ಮೊಬೈಲ್ ಆ್ಯಪ್ ಕೂಡ ಹೊತ್ತುಕೊಂಡು ಬಂತು. ನಮ್ಮ ಹಳೆಯ ಪಾತ್ರಗಳನ್ನೆಲ್ಲ ರಘು ಅದಕ್ಕೆ ವರ್ಗಾಯಿಸಿದರು. ಆ ಭಾನುವಾರ ಕಥೆಯಲ್ಲಿ ದೊಡ್ಡದೊಂದು ಹೆಬ್ಬಾಗಿಲು ಎದುರಾಯಿತು. ಪುಟ್ಟಸ್ವಾಮಿ ಎಂದಿನಂತೆ ತೋಳು ಮಡಚಿ, “ಗುಂಡನ್ನ ಬುಡ್ತೀನಿ,” ಎಂದರು.

ರಘು ಫೋನ್ ನೋಡಿದರು. ಪುಸ್ತಕ ತಿರುವಿದರು. “ನೋಡು ಪುಟ್ಟ, ಇದರಲ್ಲಿ ಎತ್ತು ಪ್ರಾಣಿ ಅಲ್ಲ. ಅದೊಂದು ಸಾಮರ್ಥ್ಯ. ದಿನಕ್ಕೊಂದು ಸಲ ಕರೀಬಹುದು. ಕಥೇಲಿ ಇವತ್ತು ಬೆಳಿಗ್ಗೆನೇ ಸೇತುವೆ ಹತ್ರ ಕರೆದಾಯ್ತಲ್ಲ.”

ಪುಟ್ಟಸ್ವಾಮಿಗೆ ಅರ್ಥವಾಗಲಿಲ್ಲ. “ಸರಿ. ಮಿಕ್ಕಿದ್ ಟೈಮಲ್ಲಿ ಎಲ್ಲಿರ್ತದೆ ಅದು?”

“ಎಲ್ಲೂ ಇರಲ್ಲ.”

“ಎಲ್ಲೂ ಇರಲ್ಲ ಅಂದ್ರೆ ಎಂಗೋ? ಮೇವು?”

“ಮೇವು ಬೇಡ ಕಣೋ. ಅದೇ ಅನುಕೂಲ. ಕರೆದಾಗ ಬರುತ್ತೆ, ಕೆಲಸ ಮಾಡುತ್ತೆ, ಹೋಗುತ್ತೆ.”

ಇಮ್ತಿಯಾಜ್ ನಿಪ್ಪಟ್ಟಿನ ತಟ್ಟೆಯನ್ನು ಪುಟ್ಟಸ್ವಾಮಿಯತ್ತ ಸರಿಸಿದರು. ಅವರು ಮುಟ್ಟಲಿಲ್ಲ. ಎದ್ದು ಹೆಲ್ಮೆಟ್ ತೆಗೆದುಕೊಂಡರು. “ಈ ಎತ್ತು ನಂದಲ್ಲ ಬುಡು. ನಂದು ಎಲ್ಲಾದ್ರೂ ಇರೋ ಅಂತಾದ್ದು,” ಎಂದವರು ನನ್ನತ್ತ ತಿರುಗಿ, “ಬತ್ತೀನಿ ಅತ್ತಿಗೆ,” ಎಂದು ಹೊರಟೇಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ರಘು ಮಾಡಿದ ಫೋನೂ ಎತ್ತಲಿಲ್ಲ.

ನಾವು ಮೂವರೇ ಒಮ್ಮೆ ಆಡಿ ನೋಡಿದೆವು. ಉಪ್ಪಿಲ್ಲದ ಸಾರಿನಂತಿತ್ತು. ಇಮ್ತಿಯಾಜರಿಗೂ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಭಾನುವಾರದ ಕೆಲಸಗಳು ಹುಟ್ಟಿಕೊಂಡವು. ರಘು ಒಬ್ಬರೇ ಮೇಜಿನ ಮುಂದೆ ಕೂತು ಹೊಸ ಪುಸ್ತಕ ಓದುತ್ತಿದ್ದರು. ನನಗೆ ಸಿಟ್ಟು ಬಂತು. “ಒಬ್ಬ ಗೆಳೆಯನ್ನ ಕಳ್ಕೊಳ್ಳೋಷ್ಟು ಏನ್ರೀ ಇದೆ ಅದರಲ್ಲಿ?” ಎಂದು ಕೇಳಿಯೇಬಿಟ್ಟೆ.

ಅವರು ಪುಸ್ತಕ ಮಡಚಿದರು. “ನನ್ನ ಹತ್ರ ಬರೋ ಹಲ್ಲು ಒಂದಾದ್ರೂ ಇದ್ದದ್ದಕ್ಕಿಂತ ಚೆನ್ನಾಗಿ ಆಗಿದೆಯಾ ಹೇಳು? ತುಂಬಿಸ್ತೀನಿ, ಕ್ಯಾಪ್ ಹಾಕ್ತೀನಿ, ಕಡೆಗೆ ಕೀಳ್ತೀನಿ. ಎಲ್ಲ ಇಳಿಯೋದೇ. ಇದೊಂದು ಮಾತ್ರ ಪ್ರತಿ ಸಲ ಮೊದಲಿಗಿಂತ ಚೆನ್ನಾಗಿದೀನಿ ಅಂತ ಹೇಳ್ಕೊಂಡು ಬರುತ್ತೆ. ನಂಬಬೇಕು ಅನ್ಸುತ್ತೆ ಕಣೇ.”

ಮದುವೆಯಾಗಿ ಇಷ್ಟು ಕಾಲವಾದರೂ ಈ ಮಾತು ನನಗೆ ಹೊಳೆದಿರಲಿಲ್ಲ.

ಮರುವಾರ ನಾನೊಬ್ಬಳೇ ಬಸ್ಸು ಹತ್ತಿ ಇಲವಾಲಕ್ಕೆ ಹೋದೆ. ಪುಟ್ಟಸ್ವಾಮಿ ಬೇಸರದಲ್ಲಿ ಕೂತಿರುತ್ತಾರೆ, ಸಮಾಧಾನ ಹೇಳಿ ಕರೆತರೋಣ ಎಂಬುದು ನನ್ನ ಲೆಕ್ಕಾಚಾರ. ಹೋಗಿ ನೋಡಿದರೆ ಜಗಲಿಯ ಮೇಲೆ ಆಟ ಜೋರಾಗಿ ನಡೆದಿದೆ! ಪುಟ್ಟಸ್ವಾಮಿ ಕಥೆಗಾರರು. ಅವರ ಹೆಂಡತಿ ಸವಿತಾ ರಾಣಿ. ತಾಯಿ ನಿಂಗಮ್ಮನವರು ದರೋಡೆಗಾರ್ತಿ. ಪುಸ್ತಕವಿಲ್ಲ, ಆ್ಯಪ್ ಇಲ್ಲ, ದಾಳದ ಬದಲು ಚೌಕಾಬಾರದ ಕವಡೆ. ಗುಂಡ ಜೀವಂತವಾಗಿತ್ತು, ಅಷ್ಟೇ ಅಲ್ಲ, ಕೆರೆ ಕಂಡಲ್ಲೆಲ್ಲ ನಿಂತು ನೀರು ಕುಡಿಯುತ್ತಿತ್ತು. “ಕುಡೀಲಿ ತಡಿಯಪ್ಪ, ರಾಣಿ ಕೋಟೆ ಎಲ್ಲಿಗ್ ಓಗ್ತದೆ,” ಎಂದು ನಿಂಗಮ್ಮನವರು ಇಡೀ ಯುದ್ಧವನ್ನು ಕಾಯಿಸಿದ್ದರು. ನನ್ನನ್ನು ನೋಡಿ, “ಬಾ ಕಣವ್ವ, ನಂಗೊಬ್ಬಳು ಜೊತೆಗಾರ್ತಿ ಬೇಕಾಗಿದ್ಲು,” ಎಂದು ಜಾಗ ಬಿಟ್ಟರು. ಅಂದು ನಾನು ಯಾವ ಅರ್ಹತೆಯೂ ಇಲ್ಲದೆ ಒಂದು ಕೋಟೆ ಹತ್ತಿದೆ.

ಮುಂದಿನ ಭಾನುವಾರ ರಘುವನ್ನೂ ಎಳೆದುಕೊಂಡು ಹೋದೆ. ಇಬ್ಬರು ಗೆಳೆಯರೂ ಮುಖ ಮುಖ ನೋಡಿಕೊಳ್ಳದೆ ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ಪುಟ್ಟಸ್ವಾಮಿ ಕವಡೆ ಕುಲುಕುತ್ತಾ, “ಏನಾಗ್ತೀಯೋ ನೀನು?” ಎಂದರು. ಕಥೆ ನಡೆಸುವುದನ್ನು ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದ ರಘು ತಡವರಿಸಿ, “ಎತ್ತಿನ ಡಾಕ್ಟ್ರು ಆಗ್ಲಾ?” ಎಂದರು.

“ಹಂಗಾದ್ರೆ ಗುಂಡನ ಬಾಯಿ ಬಿಡ್ಸಿ ಹಲ್ಲು ನೋಡು. ವಯಸ್ಸೆಷ್ಟು ಹೇಳು.”

ರಘು ಕವಡೆ ಎಸೆದರು. ಎಲ್ಲವೂ ಮಗುಚಿ ಬಿದ್ದವು; ಈ ಜಗಲಿಯಲ್ಲಿ ಅದು ಸೋಲು. “ಒದ್ಬುಡ್ತು ಕಣೋ!” ಎಂದು ಪುಟ್ಟಸ್ವಾಮಿ ಕೂಗಿದರು. ಇಬ್ಬರೂ ನಕ್ಕರು. ರಘು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಅದರ ಮುಂದಿನ ವಾರದಿಂದ ಇಮ್ತಿಯಾಜರೂ ಬರತೊಡಗಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧದಲ್ಲಿ ನನ್ನದೇ ಮೇಲುಗೈ. ಆದರೆ ಜಗಲಿಯ ಆಟದಲ್ಲೂ ಸಣ್ಣಪುಟ್ಟ ತಕರಾರುಗಳು ಬಂದವು. ಹೋದ ವಾರ ಮೂರು ಕವಡೆ ಅಂಗಾತ ಬಿದ್ದರೆ ಗೆದ್ದಂತೆ ಎಂದ ನಿಂಗಮ್ಮನವರು ಈ ವಾರ, “ನಂಗೆ ಎರಡೇ ಬಿದ್ದದೆ, ಎರಡೇ ಸಾಕು,” ಎನ್ನುತ್ತಿದ್ದರು. ಎಲ್ಲರ ಒಳ್ಳೆಯದಕ್ಕೆಂದೇ ನಾನು ನಿಯಮಗಳನ್ನು ಒಂದು ಹಾಳೆಯಲ್ಲಿ ಟೈಪು ಮಾಡಿಕೊಂಡು ಹೋದೆ. ಎತ್ತು ನೀರು ಕುಡಿಯುವ ವಿಷಯ ಬಿಟ್ಟುಹೋಗಿತ್ತು, ಮರುವಾರ ಸೇರಿಸಿದೆ. ಸೇರಿಸಿದ್ದು ಸ್ವಲ್ಪ ಗೊಂದಲವಾಗಿತ್ತು, ಬಿಡಿಸಿ ಬರೆದೆ. ಬಿಡಿಸಿ ಬರೆದದ್ದು ಒಂದು ಹಾಳೆಗೆ ಹಿಡಿಯಲಿಲ್ಲ.

“ಇದು ಮೊನ್ನೇದೋ, ಬ್ಯಾರೇದೋ?” ನಿಂಗಮ್ಮನವರು ಕಣ್ಣು ಕಿರಿದು ಮಾಡಿ ಕೇಳಿದರು.

“ಬೇರೇದು ಅಮ್ಮ. ಮೊನ್ನೇದು ಇನ್ನು ನಡೆಯಲ್ಲ. ಇದು ಅದಕ್ಕಿಂತ ಎಷ್ಟೋ ಚೆನ್ನಾಗಿದೆ.”

ಪಕ್ಕದಲ್ಲಿದ್ದ ರಘು ಬಹಳ ಗೌರವದಿಂದ ನನ್ನನ್ನು ನೋಡಿದರು.

ಸಂಜೆ ಹೊರಡುವಾಗ ನಿಂಗಮ್ಮನವರು ಹುರಿದ ಕಡಲೆಕಾಯಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಪೊಟ್ಟಣ ನನ್ನ ಹೊಸ ನಿಯಮಗಳ ಮೊದಲ ಹಾಳೆಯೇ. ಅವಮಾನವಾಗಬೇಕಿತ್ತು. ಆದರೆ ಮೂರನೇ ನಿಯಮದಲ್ಲಿ ಒಂದು ಸಣ್ಣ ಲೋಪ ಕಣ್ಣಿಗೆ ಬಿತ್ತು. ಕಡಲೆಕಾಯಿಯನ್ನೆಲ್ಲ ರಘುವಿನ ಮಡಿಲಿಗೆ ಸುರಿದು, ಚೀಲದಿಂದ ಪೆನ್ನು ತೆಗೆದೆ.